ದೊರೆ ಮುಂದಿನ ಕಾಲಾಳು

ಸಂಜೆ ಐದೂಕಾಲಿಗೆ ಜವರಪ್ಪ ಮೇಷ್ಟ್ರು ತಮ್ಮ ದೊರೆಯನ್ನು ಕುದುರೆಯ ಹಾಗೆ ನೆಗೆಸಿದರು. 1953ರ ನವೆಂಬರ್ 15, ಭಾನುವಾರ. ಸ್ಥಳ ಒಂಟಿಕೊಪ್ಪಲಿನ ಚದುರಂಗ ಸಂಘದ ಹಾಲ್. ಸಂಘದ ಮೊದಲ ಪಂದ್ಯಾವಳಿಯ ಕೊನೆಯ ಆಟ ಅದು. ಮಣೆಯ ಆಚೆಗೆ ಕೂತಿದ್ದವರು ಸಂಘದ ಕಾರ್ಯದರ್ಶಿ, ಮರದ ಡಿಪೋ ಮಾಲೀಕ ದೇವಯ್ಯ.

ಮೈಸೂರಿನ ಜಗಲಿಗಳ ಮೇಲೆ ಆಡುತ್ತಿದ್ದ ಹಳೆಯ ಚದುರಂಗದಲ್ಲಿ ಈ ನೆಗೆತ ತಪ್ಪಲ್ಲ. ಅಲ್ಲಿ ದೊರೆಗೆ ಮೂಲೆಯ ಕಡೆ ಸರಿದು, ಆನೆಯನ್ನು ಪಕ್ಕಕ್ಕೆ ತಂದುಕೊಂಡು, ಕೋಟೆ ಕಟ್ಟಿಕೊಳ್ಳುವ ಅವಕಾಶವಿಲ್ಲ. ಅದರ ಬದಲು ಇಡೀ ಆಟದಲ್ಲಿ ಒಂದು ಸಲ ಕುದುರೆಯಂತೆ ನೆಗೆಯಬಹುದು. ಒಂದೇ ಷರತ್ತು: ಅದಕ್ಕೆ ಮುಂಚೆ ಆ ದೊರೆಗೆ ಯಾರೂ ಶಹ ಕೊಟ್ಟಿರಬಾರದು. ಎದುರಾಳಿಯ ಕಾಯಿ ಒಂದು ಸಲ ನೇರವಾಗಿ ದೊರೆಯ ಮೇಲೆ ಏರಿಬಂದರೂ ನೆಗೆಯುವ ಹಕ್ಕು ಹೋಯಿತು. ಸಂಘದ ಪಂದ್ಯ ನಡೆದದ್ದು ಇಂಗ್ಲಿಷ್ ರೀತಿಯಲ್ಲಿ. ಅದರಲ್ಲಿ ಕಾಲಾಳು ಮೊದಲ ಸಲ ಎರಡು ಮನೆ ಹೋಗಬಹುದು, ದೊರೆ ಕೋಟೆ ಕಟ್ಟಬಹುದು. ನೆಗೆತ ಮಾತ್ರ ಇಲ್ಲ.

ಮೇಷ್ಟ್ರು ಆಟಕ್ಕೆ ಕೂರುವ ಮುಂಚೆ ಇದನ್ನೇ ಕೇಳಿದ್ದರು. "ನೆಗೆತ ಉಂಟೋ ಇಲ್ಲವೋ, ದೇವಯ್ಯ?"

"ಉಂಟು ಬುಡಿ ಮೇಷ್ಟ್ರೇ. ಅದಿಲ್ಲದೆ ದೊರೆ ಎಂಗೆ ಬದುಕ್ತಾನೆ?" ಎಂದಿದ್ದರು ದೇವಯ್ಯ. ಆಗ ಬಾಗಿಲ ಬಳಿ ನಿಂತಿದ್ದದ್ದು ಅವರಿಬ್ಬರ ಜೊತೆಗೆ ಮೇಷ್ಟ್ರ ಮಗ ರುದ್ರಸ್ವಾಮಿ ಒಬ್ಬನೇ.

ನೆಗೆತವಾದ ಮೇಲೆ ದೇವಯ್ಯ ಕೈಯೆತ್ತಿ, ಬೆಂಗಳೂರಿನಿಂದ ಬಂದಿದ್ದ ತೀರ್ಪುಗಾರರನ್ನು ಕರೆದರು.

"ಸ್ವಲ್ಪ ಇಲ್ಲಿ ಬನ್ನಿ ಸಾರ್. ನಮ್ಮ ಮೇಷ್ಟ್ರ ದೊರೆಗೆ ಕುದುರೆ ಕಾಲು ಬಂದದೆ."

ಹಾಲ್ ನಕ್ಕಿತು. ತೀರ್ಪುಗಾರರಿಗೆ ಇಂಗ್ಲಿಷ್ ಆಟ ಮಾತ್ರ ಗೊತ್ತಿತ್ತು. ಇಂಥ ನಡೆ ಈ ಊರಿನಲ್ಲಿ ಇದೆಯೇ ಎಂದು ದೇವಯ್ಯನವರನ್ನು ಕೇಳಿದರು.

"ದೊರೆ ನೆಗೆಯೋದಾ? ನಾನಂತೂ ಎಲ್ಲೂ ಕಂಡಿಲ್ಲ ಸಾರ್."

"ಈಗ ತಾನೇ ಬಾಗಿಲಲ್ಲಿ ಉಂಟು ಅಂದ್ರಲ್ಲ ದೇವಯ್ಯ," ಎಂದರು ಮೇಷ್ಟ್ರು.

"ಯಾರು ಅಂದ್ರು? ಸಿಕ್ಕಿಬಿದ್ದ ಮೇಲೆ ಎಲ್ಲರೂ ಹೇಳೋದು ಇಂಥದ್ದೇ ಕಣ್ರೀ."

ಬೆಂಚಿನ ಮೇಲೆ ಕೂತಿದ್ದ ಹಳಬರಲ್ಲಿ ಕಡೇಪಕ್ಷ ಐದಾರು ಜನರಿಗೆ ನೆಗೆತ ಗೊತ್ತಿತ್ತು. ಹಾಲ್ ದೇವಯ್ಯನವರದು, ಮಣೆಗಳು ಅವರವು, ಮಧ್ಯಾಹ್ನದ ಉಪ್ಪಿಟ್ಟು ಅವರದು. ಯಾರೂ ಬಾಯಿ ಬಿಡಲಿಲ್ಲ. ಹದಿನೆಂಟು ವರ್ಷದ ರುದ್ರಸ್ವಾಮಿ "ನಾನು ಕೇಳಿಸಿಕೊಂಡೆ" ಎಂದ. ಮಗ ಅಪ್ಪನ ಪರ ಹೇಳದೆ ಇನ್ನೇನು ಹೇಳುತ್ತಾನೆ ಎಂದು ಜನ ಮತ್ತೊಮ್ಮೆ ನಕ್ಕರು.

ಮುಟ್ಟಿದ ಕಾಯನ್ನೇ ನಡೆಸಬೇಕು ಎಂಬುದು ನಿಯಮ. ಮೇಷ್ಟ್ರು ದೊರೆಯನ್ನು ಮುಟ್ಟಿದ್ದರು. ಇಂಗ್ಲಿಷ್ ರೀತಿಯಲ್ಲಿ ಆ ದೊರೆ ಹೋಗಬಹುದಾದ ಮನೆ ಒಂದೇ ಇತ್ತು. ಒಂದು ಆನೆ ಹೆಚ್ಚಿಗೆ ಇಟ್ಟುಕೊಂಡಿದ್ದ ಮೇಷ್ಟ್ರು ಮೂರು ನಡೆಗಳಲ್ಲಿ ಸೋತರು.

ಸೋಲು ಒಂದು ವಾರದ ಮಾತು. ಸುಳ್ಳುಗಾರ ಎಂಬ ಹೆಸರು ಉಳಿಯಿತು. ಕಾಫಿ ಹೋಟೆಲಿನಲ್ಲಿ "ನೆಗೆಯೋ ದೊರೆಗಳಿಗೆ ಒಂದು ಕುರ್ಚಿ ಹಾಕಪ್ಪಾ" ಎನ್ನುವವರು ಹುಟ್ಟಿಕೊಂಡರು. ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಜೀವಮಾನವೆಲ್ಲ ಬೆತ್ತ ಹಿಡಿದು ನಿಂತಿದ್ದ ಮನುಷ್ಯ, ನಿವೃತ್ತರಾದ ಮಾರನೆಯ ವರ್ಷ, ಬೀದಿ ಬಳಸಿಕೊಂಡು ಮಾರ್ಕೆಟ್ಟಿಗೆ ಹೋಗುವ ಹಾಗಾಯಿತು. ಮಣೆ ಮುಟ್ಟುವುದನ್ನೂ ಬಿಟ್ಟರು.

ರುದ್ರಸ್ವಾಮಿಗೆ ಆಗ ಚದುರಂಗದಲ್ಲಿ ಕಾಯಿ ನಡೆಸುವಷ್ಟು ಬರುತ್ತಿತ್ತು, ಅಷ್ಟೆ. ಇಷ್ಟವೂ ಇರಲಿಲ್ಲ. ರೈಲ್ವೆ ಆಫೀಸಿನಲ್ಲಿ ಗುಮಾಸ್ತನಾಗಿ ಸೇರಿದ ಮೇಲೆ, 1956ರಲ್ಲಿ, ಸಂಘದ ಸದಸ್ಯನಾದ.

"ಅಪ್ಪನ ಮರ್ಯಾದೆ ತಿಂದ ಮಣೆ ಮುಂದೆ ನೀನೂ ಹೋಗಿ ಕೂತ್ಕೋ," ಎಂದರು ತಾಯಿ ಪುಟ್ಟಬಸಮ್ಮ. "ಆ ದೇವಯ್ಯ ಉಪ್ಪಿಟ್ಟು ಕೊಡ್ತಾನಂತಲ್ಲ, ತಿಂದ್ಕೊಂಡು ಬಾ."

"ಉಪ್ಪಿಟ್ಟಿಗೆ ಹೋಗ್ತಾ ಇಲ್ಲಮ್ಮ."

"ಇನ್ಯಾತಕ್ಕೆ?"

"ಅವರ ಕೈ ನೋಡೋದಕ್ಕೆ."

ಅವನು ಹೇಳಿದ್ದು ಸರಿಯಾಗಿತ್ತು. ಎರಡು ವರ್ಷ ಪ್ರತಿ ಭಾನುವಾರ ದೇವಯ್ಯನವರ ಎದುರು ಕೂತು, ನಿಧಾನದ ಆಟ ಆಡಿ, ಹೆಚ್ಚು ಸಲ ಸೋತ. ದೇವಯ್ಯ ಅವನನ್ನು ಇಷ್ಟಪಟ್ಟರು. "ಅಪ್ಪನಂಗಲ್ಲ ಕಣೋ ನೀನು. ಸೋತ್ರೆ ಸೋತೆ ಅಂತೀಯ," ಎಂದು ಒಮ್ಮೆ ಬೆನ್ನು ತಟ್ಟಿದರು. ರುದ್ರಸ್ವಾಮಿ ಕಾಯಿಗಳನ್ನು ಡಬ್ಬಕ್ಕೆ ತುಂಬಿಟ್ಟು, ನಮಸ್ಕಾರ ಹೇಳಿ ಬಂದ.

ನೋಡಿ ತಿಳಿದುಕೊಂಡ ಸಂಗತಿಗಳು ಕೆಲವೇ. ದೇವಯ್ಯ ಯಾವಾಗಲೂ ದೊರೆಯ ಮುಂದಿನ ಕಾಲಾಳನ್ನೇ ಎರಡು ಮನೆ ತಳ್ಳಿ ಆಟ ಶುರು ಮಾಡುತ್ತಿದ್ದರು. ಎದುರಾಳಿ ಅದನ್ನು ತಳ್ಳಿದರೆ ಅದರಿಂದಲೇ ಉತ್ತರ ಕೊಡುತ್ತಿದ್ದರು. "ಮುಂಬಾಗಿಲು ತೆಗೀದೆ ಮನೆಯಿಂದ ಎಂಗಪ್ಪ ಈಚೆ ಬರೋದು?" ಎನ್ನುವುದು ಅವರ ಮಾತು. ಎದುರಿಗೆ ಇಟ್ಟದ್ದನ್ನು ಬೇಡ ಎನ್ನುತ್ತಿರಲಿಲ್ಲ. ಕಾಲಾಳು ಬಿಟ್ಟುಕೊಟ್ಟರೆ ತಿಂದೇ ತಿನ್ನುತ್ತಿದ್ದರು. ಕೋಟೆ ಕಟ್ಟುವುದನ್ನು ಮಾತ್ರ ಮುಂದೆ ಹಾಕುತ್ತಲೇ ಇರುತ್ತಿದ್ದರು, ಎಷ್ಟೋ ಸಲ ಕಟ್ಟುತ್ತಲೇ ಇರಲಿಲ್ಲ.

ಕಾರಣ ಹುಡುಕಲು ರುದ್ರಸ್ವಾಮಿ ಡಿಪೋವರೆಗೆ ಹೋಗಬೇಕಾಯಿತು. ಸಂಜೆ ಗರಗಸ ನಿಂತ ಮೇಲೆ ದೇವಯ್ಯ ಅಲ್ಲಿ ದಿಮ್ಮಿಗಳ ಪಕ್ಕ ಚಾಪೆ ಹಾಸಿಕೊಂಡು, ಡಿಪೋದ ಹಳೆಯ ಮೇಸ್ತ್ರಿ ಪುಟ್ಟಸ್ವಾಮಿಯ ಜೊತೆ ಆಡುತ್ತಿದ್ದರು. ಆಡುತ್ತಿದ್ದದ್ದು ಹಳೆಯ ಆಟ. ಭಾನುವಾರ ಸಂಘದಲ್ಲಿ ಇಂಗ್ಲಿಷ್ ಆಟ, ವಾರದ ಮಿಕ್ಕ ಸಂಜೆಗಳಲ್ಲಿ ಡಿಪೋದಲ್ಲಿ ನೆಗೆತದ ಆಟ. ಮಣೆಯ ನಡುವೆ ಕಷ್ಟ ಬಂದಾಗ ದೇವಯ್ಯನವರ ದೊರೆ ಟಣಕ್ಕನೆ ಬಲಕ್ಕೆ ನೆಗೆದು ಮೂಲೆಯ ಹತ್ತಿರ ಹೋಗಿ ಕೂರುತ್ತಿದ್ದ. ಅವರು ಅದಕ್ಕೆ ಯೋಚನೆ ಮಾಡುತ್ತಿರಲಿಲ್ಲ. ಕೈ ತಾನಾಗಿ ಹೋಗುತ್ತಿತ್ತು.

ಆ ಸಂಜೆ ಡಿಪೋದಿಂದ ಹಿಂತಿರುಗುವಾಗ ರುದ್ರಸ್ವಾಮಿ ತನಗೆ ಬೇಕಾದದ್ದನ್ನು ತೀರ್ಮಾನಿಸಿದ. ದೇವಯ್ಯನವರನ್ನು ಸೋಲಿಸಿದರೆ ಸಾಲದು. ಅದು ಯಾರು ಬೇಕಾದರೂ ಮಾಡಬಹುದಾದ ಕೆಲಸ. ಎಲ್ಲೂ ಕಂಡಿಲ್ಲ ಎಂದು ಹೇಳಿದ ನಡೆಯನ್ನು ಅದೇ ಹಾಲಿನಲ್ಲಿ, ತೀರ್ಪುಗಾರರ ಎದುರು, ಅವರ ಕೈಯೇ ಮಾಡಬೇಕು.

ಯಾದವಗಿರಿಯಲ್ಲಿ ಸಿದ್ದರಾಜು ಎಂಬ ಕಾಲೇಜು ಅಧ್ಯಾಪಕನಿದ್ದ. ಅವನ ಹತ್ತಿರ ಚದುರಂಗದ ಆರಂಭದ ವರಸೆಗಳ ಬಗ್ಗೆ ಒಂದು ಇಂಗ್ಲಿಷ್ ಪುಸ್ತಕವಿತ್ತು. ರುದ್ರಸ್ವಾಮಿ ಅವನ ವರಾಂಡದಲ್ಲಿ ಕೂತು ಓದಿದ.

"ಸ್ಪ್ಯಾನಿಷ್ ವರಸೆ ಕಲಿ," ಎಂದ ಸಿದ್ದರಾಜು. "ಕಲಿಯೋದಕ್ಕೆ ಕಷ್ಟ, ಆದ್ರೆ ಜೀವಮಾನ ಪೂರ್ತಿ ಬರುತ್ತೆ."

"ಜೀವಮಾನ ಬೇಡ. ನನಗೆ ಒಂದು ಬೆಳಿಗ್ಗೆ ಸಾಕು."

"ಒಂದು ಬೆಳಿಗ್ಗೆಗೆ ಯಾರಾದ್ರೂ ವರಸೆ ಕಲೀತಾರೇನೋ?"

"ಸ್ಪ್ಯಾನಿಷ್ ಆಡಿದ್ರೆ ಅವರಿಗೆ ಪುರುಸೊತ್ತು ಸಿಗುತ್ತೆ. ಪುರುಸೊತ್ತು ಸಿಕ್ಕಿದ್ರೆ ಕೋಟೆ ಕಟ್ತಾರೆ."

ಇಟಾಲಿಯನ್ ವರಸೆಯನ್ನೂ ಅದೇ ಕಾರಣಕ್ಕೆ ಬಿಟ್ಟ. ದೊರೆಯ ಒಂಟೆಯ ಮುಂದಿನ ಕಾಲಾಳನ್ನು ಬಲಿ ಕೊಡುವ ವರಸೆಯನ್ನು ಒಂದು ತಿಂಗಳು ಅಭ್ಯಾಸ ಮಾಡಿ ಕೈಬಿಟ್ಟ. ಅದರಲ್ಲಿ ತನ್ನ ದೊರೆಯೂ ಬಯಲಿಗೆ ಬೀಳುತ್ತಿದ್ದ, ದೇವಯ್ಯ ಬೇಗನೆ ಶಹ ಕೊಡುತ್ತಿದ್ದರು. ಕೊನೆಗೆ ಬಿಳಿ ಕಾಯಿ ಬಂದರೆ ಡೇನಿಷ್ ಎಂದು ಗೊತ್ತುಮಾಡಿದ. ಅದರಲ್ಲಿ ನಡುಮಣೆಯ ಕಾಲಾಳುಗಳನ್ನು ಒಂದರ ಹಿಂದೆ ಒಂದು ತಿನ್ನಲು ಕೊಟ್ಟು, ಬದಲಿಗೆ ಎರಡು ಒಂಟೆಗಳಿಗೂ ಉದ್ದನೆಯ ದಾರಿ ತೆರೆದುಕೊಳ್ಳುತ್ತದೆ. ಎದುರಾಳಿ ತಿನ್ನುತ್ತಾ ಹೋದರೆ ಅವನ ದೊರೆ ಮನೆಯಲ್ಲೇ ಉಳಿಯುತ್ತಾನೆ. ಕಪ್ಪು ಕಾಯಿ ಬಂದರೆ ಎರಡು ಕುದುರೆಗಳ ವರಸೆ. ಅಲ್ಲಿಯೂ ಒಂದು ಕಾಲಾಳನ್ನು ಎರೆಯಾಗಿ ಇಡಬಹುದು. ದೊರೆ ಮುಂದಿನ ಕಾಲಾಳಿನ ಆಟಕ್ಕೆ ಇವೆರಡು ಸಾಕು ಎನಿಸಿತು.

ಸಿದ್ದರಾಜುವಿಗೆ ಒಂದು ವಿಷಯ ಅರ್ಥವಾಗಲಿಲ್ಲ. ಅಭ್ಯಾಸದಲ್ಲಿ ರುದ್ರಸ್ವಾಮಿ ಸಿಕ್ಕಿದ ಶಹವನ್ನೆಲ್ಲ ಬಿಡುತ್ತಿದ್ದ.

"ಒಂಟೆ ಹೊಡೆದು ಶಹ ಕೊಡೋ. ಆಟ ಮುಗೀತಲ್ಲ."

"ಶಹ ಕೊಟ್ರೆ ನೆಗೆತ ಸತ್ತುಹೋಗುತ್ತೆ."

"ಇಂಗ್ಲಿಷ್ ಆಟದಲ್ಲಿ ನೆಗೆತ ಎಲ್ಲಿದೆಯಯ್ಯಾ?"

"ಅವರ ಕೈಯಲ್ಲಿದೆ."

"ಇಷ್ಟು ದ್ವೇಷ ಇಟ್ಕೊಂಡು ಊಟ ಹೇಗಯ್ಯಾ ಮಾಡ್ತೀಯ?" ಎಂದ ಸಿದ್ದರಾಜು.

"ಚೆನ್ನಾಗೇ ಮಾಡ್ತೀನಿ," ಎಂದ ರುದ್ರಸ್ವಾಮಿ.

1958ರ ಪಂದ್ಯಾವಳಿ ಆಗಸ್ಟ್ ಮೊದಲ ವಾರ ಶುರುವಾಯಿತು. ಮೊದಲ ಸುತ್ತುಗಳನ್ನು ಅವನು ಹೇಗೋ ದಾಟಿದ. ಸೆಮಿಫೈನಲ್ ಆಗಸ್ಟ್ 10ರ ಭಾನುವಾರ ಬೆಳಿಗ್ಗೆ, ಫೈನಲ್ ಅದೇ ದಿನ ಮಧ್ಯಾಹ್ನ ಮೂರಕ್ಕೆ ಎಂದು ಗೊತ್ತಾಯಿತು. ಸೆಮಿಫೈನಲ್‌ನಲ್ಲಿ ಅವನಿಗೆ ಎದುರಾದವರು ದೇವಯ್ಯ.

ಶನಿವಾರ ಊಟಕ್ಕೆ ಕೂತಾಗ ರುದ್ರಸ್ವಾಮಿ ಅಪ್ಪನಿಗೆ ಹೇಳಿದ. "ನಾಳೆ ನೀವು ಬರಬೇಕು."

"ನಾನು ಆ ಹಾಲಿಗೆ ಕಾಲಿಡಲ್ಲ."

"ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ. ಮಾತಾಡಬೇಡಿ."

"ಗೆಲ್ತೀಯೇನು?"

"ಅದು ಗೊತ್ತಿಲ್ಲ. ಬನ್ನಿ."

ಪುಟ್ಟಬಸಮ್ಮ ಸಾರು ಬಡಿಸುತ್ತಾ, "ಹೋಗ್ಬನ್ನಿ. ಮನೇಲಿ ಕೂತು ಗೋಡೆ ನೋಡೋದಕ್ಕಿಂತ ಆ ದೇವಯ್ಯನ ಮುಖ ನೋಡಿ ಬಯ್ಕೊಂಡಾದ್ರೂ ಬನ್ನಿ," ಎಂದರು.

ಬೆಳಿಗ್ಗೆ ಒಂಬತ್ತೂವರೆಗೆ ಆಟ ಶುರು. ತೀರ್ಪುಗಾರರು ಲಕ್ಷ್ಮೀನರಸಿಂಹ ಎಂಬ ನಿವೃತ್ತ ಇಂಜಿನಿಯರು, ಇವರೂ ಹೊರಗಿನವರೇ. ಅವರು ಮುಷ್ಟಿಯಲ್ಲಿ ಕಾಲಾಳು ಬಚ್ಚಿಟ್ಟು ಚಾಚಿದರು. ರುದ್ರಸ್ವಾಮಿಗೆ ಬಿಳಿ ಬಂತು. ಹಿಂದಿನ ಬೆಂಚಿನಲ್ಲಿ ಮೇಷ್ಟ್ರು ಬಂದು ಕೂತದ್ದನ್ನು ದೇವಯ್ಯ ನೋಡಿದರು.

"ಏನ್ ಮೇಷ್ಟ್ರೇ, ಬಹಳ ದಿನ ಆಯ್ತು," ಎಂದರು.

ರುದ್ರಸ್ವಾಮಿ ದೊರೆ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿದ. ದೇವಯ್ಯ ಅದರಿಂದಲೇ ಉತ್ತರ ಕೊಟ್ಟರು. ಅವನು ಮಂತ್ರಿಯ ಮುಂದಿನ ಕಾಲಾಳನ್ನು ಒಡ್ಡಿದ, ತಿಂದರು. ಇನ್ನೊಂದನ್ನು ಒಡ್ಡಿದ, ತಿಂದರು. ಮೂರನೆಯದನ್ನೂ ತಿಂದು, "ಏನೋ ಇದು, ಸಮಾರಾಧನೆ ಇಟ್ಕೊಂಡಿದ್ದೀಯಾ?" ಎಂದರು. ಬೆಂಚಿನವರು ನಕ್ಕರು. ರುದ್ರಸ್ವಾಮಿ ಆ ಮೂರನ್ನೂ ತಿಂದ ಕಪ್ಪು ಕಾಲಾಳನ್ನು ಒಂಟೆಯಿಂದ ಹೊಡೆದು, ಬೇಗ ಕೋಟೆ ಕಟ್ಟಿ, ಆನೆಯನ್ನು ನಡುಬೀದಿಗೆ ತಂದ. ದೇವಯ್ಯ ಒಂದು ಮೂಲೆಯ ಕಾಲಾಳನ್ನು ಕಾಪಾಡಲು ಆನೆಯನ್ನು ಸರಿಸಿದರು. ಅದರೊಂದಿಗೆ ಆ ಕಡೆ ಕೋಟೆ ಕಟ್ಟುವ ಹಕ್ಕು ಹೋಯಿತು. ಅವರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣಲಿಲ್ಲ.

ಹತ್ತೂವರೆ ಹೊತ್ತಿಗೆ ಕಪ್ಪು ದೊರೆಯ ಸುತ್ತ ಒಂದು ಮನೆ ಬಿಟ್ಟರೆ ಜಾಗ ಉಳಿದಿರಲಿಲ್ಲ. ರುದ್ರಸ್ವಾಮಿಗೆ ಒಂದು ಶಹ ಸಿಕ್ಕಿತು. ಒಂಟೆಯಿಂದ ಹೊಡೆದಿದ್ದರೆ ಮುಂದಿನ ನಡೆಗೆ ಕಪ್ಪು ಮಂತ್ರಿ ಬೀಳುತ್ತಿತ್ತು. ನೋಡುತ್ತಿದ್ದವರಿಗೂ ಅದು ಕಂಡಿತು. ಸಿದ್ದರಾಜು ಕೈ ಕಟ್ಟಿಕೊಂಡು ನಿಂತಿದ್ದವನು ತಲೆ ತಗ್ಗಿಸಿದ. ರುದ್ರಸ್ವಾಮಿ ಒಂಟೆಯನ್ನು ಮುಟ್ಟದೆ ಎರಡನೆಯ ಆನೆಯನ್ನು ಒಂದು ಮನೆ ಸರಿಸಿದ.

"ಕಾಣಲಿಲ್ವಲ್ಲಪ್ಪ ಇವನಿಗೆ," ಎಂದು ಬೆಂಚಿನ ಮೇಲಿದ್ದ ಪುಟ್ಟಸ್ವಾಮಿ ಪಕ್ಕದವನಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಅಪಾಯವಿತ್ತು. ದೇವಯ್ಯ ಮಂತ್ರಿಯನ್ನು ಒಂದು ಮನೆ ಹಿಂದಕ್ಕೆ ತೆಗೆದಿದ್ದರೆ ಬಚಾವಾಗುತ್ತಿದ್ದರು. ಎರಡು ಕಾಲಾಳು ಹೆಚ್ಚಿಗೆ ಇದ್ದದ್ದರಿಂದ ಆಮೇಲೆ ಗೆಲ್ಲುತ್ತಲೂ ಇದ್ದರು. ರುದ್ರಸ್ವಾಮಿ ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕಾದ.

ದೇವಯ್ಯ ಬಹಳ ಹೊತ್ತು ನೋಡಿದರು. ಕಷ್ಟ ಅವರಿಗೆ ಕಂಡಿತ್ತು. ದೊರೆಗೆ ಇನ್ನೂ ಶಹ ಬಿದ್ದಿರಲಿಲ್ಲ. ಬಲಗಡೆಗೆ ಎರಡು ಮನೆ ಆಚೆ, ಒಂದು ಮನೆ ಮುಂದೆ, ಜಾಗ ಖಾಲಿ ಇತ್ತು. ಬಲಗೈ ಎದ್ದಿತು, ದೊರೆಯ ತಲೆ ಹಿಡಿಯಿತು, ಅವನನ್ನು ಅಲ್ಲಿಗೆ ಟಣಕ್ಕನೆ ಇಟ್ಟಿತು.

ಕೈ ಹಿಂದಕ್ಕೆ ತೆಗೆದುಕೊಂಡ ಮೇಲೆ ದೇವಯ್ಯ ಮಣೆಯನ್ನು ನೋಡಿದರು.

ರುದ್ರಸ್ವಾಮಿ ಎದ್ದು ನಿಂತ. ಧ್ವನಿ ಏರಿಸಲಿಲ್ಲ. "ಸ್ವಲ್ಪ ಇಲ್ಲಿ ಬನ್ನಿ ಸಾರ್. ನಮ್ಮ ದೇವಯ್ಯನೋರ ದೊರೆಗೆ ಕುದುರೆ ಕಾಲು ಬಂದಿದೆ."

ಈ ಸಲ ಯಾರೂ ನಗಲಿಲ್ಲ. ಲಕ್ಷ್ಮೀನರಸಿಂಹ ಬಂದು ನೋಡಿ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಇದೇನಿದು?"

"ಕೈ ತಪ್ಪಿತು ಸಾರ್," ಎಂದರು ದೇವಯ್ಯ. "ಬೇರೆ ಕಾಯಿ ಎತ್ತೋಕೆ ಹೋಗಿ..."

"ಬೇರೆ ಕಾಯಿ ಅಂದ್ರೆ ಇಷ್ಟು ಸರಿಯಾಗಿ ಬಂದು ಇಲ್ಲಿ ಕೂತುಕೊಳ್ಳುತ್ತಾ?"

"ತಪ್ಪಿತು ಅಂದ್ನಲ್ಲ ಸಾರ್."

ಹಿಂದಿನ ಬೆಂಚು ಕಿರುಗುಟ್ಟಿತು. ಜವರಪ್ಪ ಮೇಷ್ಟ್ರು ಎದ್ದು, ನಿಂತಿದ್ದವರ ನಡುವೆ ದಾರಿ ಮಾಡಿಕೊಂಡು ಬಂದರು. ಮಾತಾಡಬೇಡಿ ಎಂದು ಮಗ ಹೇಳಿದ್ದ. ಅವರು ಅವನ ಕಡೆ ನೋಡಲಿಲ್ಲ. ಮಣೆಯ ಮೇಲೆ ಬಗ್ಗಿ, ಕ್ಲಾಸಿನಲ್ಲಿ ಸ್ಲೇಟು ನೋಡುವಂತೆ ನೋಡಿದರು.

"ಶಹ ಬಿದ್ದಿತ್ತೇ?" ಎಂದು ತೀರ್ಪುಗಾರರನ್ನು ಕೇಳಿದರು.

"ಇಲ್ಲ. ಇದುವರೆಗೂ ಬಿದ್ದಿಲ್ಲ."

"ಹಾಗಾದ್ರೆ ನೆಗೆತ ಸರಿಯಾಗಿದೆ. ಹಳೇ ಆಟದಲ್ಲಿ ಇದು ಒಳ್ಳೇ ನಡೆ. ಇಲ್ಲಿಗೆ ನೆಗೆದ್ರೆ ದೊರೆ ಬದುಕ್ತಾನೆ." ಅವರು ದೇವಯ್ಯನವರ ಕಡೆ ತಿರುಗಿದರು. "ಎಲ್ಲೂ ಕಂಡಿಲ್ಲ ಅಂದಿದ್ರಿ ದೇವಯ್ಯ. ನಿಮ್ಮ ಕೈಗೆ ಇದನ್ನ ಹೇಳಿಕೊಟ್ಟೋರು ಯಾರು?"

ಬೆಂಚಿನ ಮೇಲಿಂದ ಪುಟ್ಟಸ್ವಾಮಿ, "ದಿನಾ ಸಂಜೆ ನೆಗೆಸ್ತೀರಲ್ಲ ಸಾವ್ಕಾರ್ರೆ, ಯೋಳ್ಬುಡಿ ಅತ್ಲಾಗೆ," ಎಂದ. ಐದು ವರ್ಷದ ಹಿಂದೆ ಇದೇ ಬೆಂಚಿನ ಮೇಲೆ ಅವನು ಬಾಯಿ ಮುಚ್ಚಿಕೊಂಡು ಕೂತಿದ್ದ.

ಆಗ ಜನ ನಕ್ಕರು. ನಗು ಬಾಗಿಲವರೆಗೂ ಹೋಯಿತು. ರುದ್ರಸ್ವಾಮಿ ಅದನ್ನು ಕೊನೆಯವರೆಗೂ ಕೇಳಿದ. ದೇವಯ್ಯನವರ ಕಿವಿ ಕೆಂಪಾಗುವುದನ್ನು ನೋಡಿದ. ಅವರು ಕತ್ತಿನ ಬಳಿಯ ಗುಂಡಿ ಬಿಚ್ಚಿಕೊಂಡದ್ದನ್ನೂ ನೋಡಿದ. ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ.

ನಗು ನಿಂತ ಮೇಲೆ ದೇವಯ್ಯ ತಲೆಯೆತ್ತದೆ ಹೇಳಿದರು. "ನೀವೇ ಕಣ್ರೀ ಹೇಳಿಕೊಟ್ಟಿದ್ದು. ನಿಮ್ಮನೆ ಜಗಲಿ ಮೇಲೆ. ನನಗೆ ಆಗ ಕಾಯಿ ಹೆಸರೂ ಬರ್ತಿರಲಿಲ್ಲ."

"ಬಾಗಿಲಲ್ಲಿ ಆವತ್ತು ಏನು ಹೇಳಿದ್ರಿ?"

"ಉಂಟು ಅಂದಿದ್ದೆ."

"ಸಾರ್, ಕೇಳಿಸಿತೇ?" ಎಂದು ಮೇಷ್ಟ್ರು ತೀರ್ಪುಗಾರರನ್ನು ಕೇಳಿದರು. ಲಕ್ಷ್ಮೀನರಸಿಂಹ ಅವರಿಗೆ 1953ರ ಸಂಗತಿ ಗೊತ್ತಿರಲಿಲ್ಲ. ಆದರೂ ಕೇಳಿಸಿತು ಎಂದರು. ಮೇಷ್ಟ್ರು ಬೆಂಚಿನವರ ಕಡೆ ತಿರುಗಿ, "ನಿಮಗೆ?" ಎಂದರು. ಅಲ್ಲಿಂದಲೂ ಹೂಂ ಎಂದು ಬಂತು. ಅವರು ಒಬ್ಬೊಬ್ಬರ ಮುಖವನ್ನೂ ಹಾಜರಿ ತೆಗೆದುಕೊಳ್ಳುವವರಂತೆ ನೋಡಿ ತಮ್ಮ ಜಾಗಕ್ಕೆ ಹೋದರು.

ಮುಟ್ಟಿದ ಕಾಯನ್ನೇ ನಡೆಸಬೇಕು ಎಂದು ತೀರ್ಪಾಯಿತು. ಕಪ್ಪು ದೊರೆಗೆ ಉಳಿದಿದ್ದ ಒಂದೇ ಮನೆಗೆ ದೇವಯ್ಯ ಅವನನ್ನು ಸರಿಸಿದರು. ರುದ್ರಸ್ವಾಮಿ ಆಟದ ಮೊದಲ ಶಹ ಕೊಟ್ಟ. ಎರಡನೆಯ ಶಹಕ್ಕೆ ದೊರೆ ಸಿಕ್ಕಿಬಿದ್ದ. ದೇವಯ್ಯ ಕೈ ಚಾಚಿದರು. ರುದ್ರಸ್ವಾಮಿ ಆ ಕೈಯನ್ನು ಹಿಡಿಯದೆ, ಕಾಯಿಗಳನ್ನು ಡಬ್ಬಕ್ಕೆ ತುಂಬತೊಡಗಿದ.

ಹೊರಗೆ ಬಂದಾಗ ಅಪ್ಪ ಹುಣಸೆ ಮರದ ಕೆಳಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

"ಒಂಟೇಲಿ ಶಹ ಇತ್ತಲ್ಲೋ. ಕಾಣಲಿಲ್ವೇ?"

"ಕಂಡಿತ್ತು."

"ಮತ್ತೆ ಯಾಕೆ ಬಿಟ್ಟೆ?"

ರುದ್ರಸ್ವಾಮಿ ಹೇಳಿದ. ಮೇಷ್ಟ್ರು ಕೇಳಿ, ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು.

"ಮಂತ್ರಿ ಹಿಂದಕ್ಕೆ ತೆಗೆದಿದ್ರೆ ನೀನು ಸೋಲ್ತಿದ್ದೆ. ಕೆಟ್ಟ ಆಟ."

"ಹೌದು ಅಪ್ಪ."

"ಊಟಕ್ಕೆ ಬಾ. ನಿಮ್ಮಮ್ಮ ಕಾಯ್ತಾ ಇರ್ತಾಳೆ."

ಇಬ್ಬರೂ ಒಂಟಿಕೊಪ್ಪಲಿನ ದೊಡ್ಡ ಬೀದಿಯಲ್ಲೇ, ಕಾಫಿ ಹೋಟೆಲಿನ ಮುಂದಿನಿಂದಲೇ ನಡೆದು ಹೋದರು.

ಮಧ್ಯಾಹ್ನ ಮೂರಕ್ಕೆ ಫೈನಲ್ ಶುರುವಾಯಿತು. ಎದುರಾಳಿ ಉದಯಗಿರಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವನು. ಬಿಳಿ ಕಾಯಿ ಅವನಿಗೆ ಬಂತು. ಅವನು ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿ ಕೈ ಕಟ್ಟಿ ಕೂತ. ಆ ನಡೆಗೆ ರುದ್ರಸ್ವಾಮಿ ಏನನ್ನೂ ಕಲಿತಿರಲಿಲ್ಲ. ಗಂಟೆ ನಾಲ್ಕಾಗುವ ಮುಂಚೆಯೇ ಸೋತ.